ಒಂದೇ ಅಹವಾಲಿನ ಮನುಷ್ಯ

1916ರ ಡಿಸೆಂಬರ್ ಕೊನೆಯ ವಾರ ಲಖನೌದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಇತಿಹಾಸದ ಪುಸ್ತಕಗಳು ಎರಡು ಕಾರಣಕ್ಕೆ ನೆನೆಯುತ್ತವೆ. 1907ರಲ್ಲಿ ಸೂರತ್‌ನಲ್ಲಿ ಒಡೆದು ಬೇರಾಗಿದ್ದ ಮಂದಗಾಮಿಗಳೂ ತೀವ್ರಗಾಮಿಗಳೂ ಅಲ್ಲಿ ಮತ್ತೆ ಒಂದೇ ಚಪ್ಪರದಡಿ ಕೂತರು; ಕಾಂಗ್ರೆಸ್ಸಿಗೂ ಮುಸ್ಲಿಂ ಲೀಗಿಗೂ ನಡುವೆ ಒಪ್ಪಂದವಾಯಿತು. ಆದರೆ ಆ ಅಧಿವೇಶನದಿಂದ ಹೊರಟು ದೇಶದ ರಾಜಕೀಯದ ರೀತಿಯನ್ನೇ ಬದಲಿಸಿದ ಎಳೆ ಈ ಎರಡರಲ್ಲಿ ಯಾವುದೂ ಅಲ್ಲ. ಬಿಹಾರದ ಉತ್ತರದಂಚಿನಲ್ಲಿ, ನೇಪಾಳದ ಗಡಿಗೆ ತಾಗಿದ ಚಂಪಾರಣ್ಯ ಜಿಲ್ಲೆಯ ಸತವರಿಯಾ ಎಂಬ ಹಳ್ಳಿಯಿಂದ ಬಂದಿದ್ದ 41ರ ಹರೆಯದ ರೈತರೊಬ್ಬರು ಮುಖಂಡರ ಬಿಡಾರದಿಂದ ಬಿಡಾರಕ್ಕೆ ಅಲೆಯುತ್ತಿದ್ದರು. ಹೆಸರು ರಾಜಕುಮಾರ ಶುಕ್ಲಾ. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: ನಮ್ಮ ಜಿಲ್ಲೆಯ ನೀಲಿ ಬೆಳೆಗಾರರ ಗೋಳನ್ನು ಬಂದು ಕಣ್ಣಾರೆ ನೋಡಿ. ನಾಲ್ಕು ತಿಂಗಳ ಬಳಿಕ ಅವರ ಜೊತೆ ರೈಲು ಹತ್ತಿದ ಗಾಂಧಿ ಒಂದೆರಡು ದಿನಕ್ಕೆಂದು ಹೋದವರು, ಆ ವರ್ಷದ ಬಹುಭಾಗವನ್ನು ಅಲ್ಲಿಯೇ ಕಳೆದರು. ಭಾರತದ ನೆಲದಲ್ಲಿ ಮೊದಲ ಸತ್ಯಾಗ್ರಹ ನಡೆದದ್ದು ಹೀಗೆ.

ಹೆಸರಿಲ್ಲದವರು ಚರಿತ್ರೆಯನ್ನು ತಿರುಗಿಸಿದ ಕಥೆಗಳನ್ನು ಸಾಮಾನ್ಯವಾಗಿ ಆಕಸ್ಮಿಕದ ಕಥೆಗಳಾಗಿ ಹೇಳುವುದು ರೂಢಿ. 1914ರಲ್ಲಿ ಸರಯೇವೊದಲ್ಲಿ ಆರ್ಚ್‌ಡ್ಯೂಕನ ಕಾರು ದಾರಿ ತಪ್ಪಿ ತಿರುಗಿತು, ಹತ್ತೊಂಬತ್ತರ ಹುಡುಗನೊಬ್ಬ ಅಲ್ಲಿಯೇ ನಿಂತಿದ್ದ, ಜಗತ್ತಿಗೆ ಬೆಂಕಿ ಬಿತ್ತು ಎನ್ನುವ ಮಾದರಿ. ಶುಕ್ಲಾ ಅವರ ಕಥೆಯನ್ನು ಆ ಸಾಲಿಗೆ ಸೇರಿಸಿದರೆ ಅದರ ತಿರುಳೇ ಕೈಬಿಟ್ಟುಹೋಗುತ್ತದೆ. ಅವರು ತಪ್ಪು ತಿರುವಿನಲ್ಲಿ ಸಿಕ್ಕವರಲ್ಲ, ಹುಡುಕಿಕೊಂಡು ಹೋದವರು. ದೊಡ್ಡವರಿಗೆ ಹತ್ತು ಕೆಲಸಗಳಿದ್ದವು, ಇವರಿಗೆ ಒಂದೇ ಇತ್ತು. ಅವರ ಬಲ ಇದ್ದದ್ದು ಅಲ್ಲಿ. ಅದಕ್ಕಿಂತ ಮುಖ್ಯವಾಗಿ, ಅವರು ಎಷ್ಟು ಚಿಕ್ಕವರಾಗಿದ್ದರು ಎಂಬುದೇ ಗಾಂಧಿಯ ಕಣ್ಣಿಗೆ ಸಾಕ್ಷ್ಯವಾಯಿತು. ಈ ಎರಡನೆಯದನ್ನು ಬಿಡಿಸಿ ಹೇಳಬೇಕಾದರೆ ನೀಲಿಯಿಂದಲೇ ತೊಡಗಬೇಕು.

ಚಂಪಾರಣ್ಯದ ಬಹುಪಾಲು ಜಮೀನು ಬೇತಿಯಾ ಸಂಸ್ಥಾನದ್ದು. ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. 1880ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಎತ್ತಿದ ದೊಡ್ಡ ಸಾಲಕ್ಕೆ ಭದ್ರತೆಯಾಗಿ ಹಳ್ಳಿಗೆ ಹಳ್ಳಿಗಳನ್ನೇ ಯುರೋಪಿಯನ್ ನೀಲಿ ದೊರೆಗಳಿಗೆ ಕಾಯಂ ಗುತ್ತಿಗೆಗೆ ಬರೆದುಕೊಟ್ಟಿತು. ಹೀಗೆ ಕಾರ್ಖಾನೆಯ ಒಡೆಯರೇ ಊರಿನ ಜಮೀನ್ದಾರರೂ ಆದರು. ಅವರ ಬಂಗಲೆ, ಕಚೇರಿ, ಕಾರ್ಖಾನೆ ಸೇರಿದ ನೆಲೆಗೆ ಜನ ಕೋಠಿ ಎನ್ನುತ್ತಿದ್ದರು. ಕೋಠಿಯ ಕಟ್ಟಳೆ ಇಷ್ಟು: ಇಪ್ಪತ್ತು ಕಟ್ಠಾ ಸೇರಿದರೆ ಒಂದು ಬಿಘಾ, ಪ್ರತಿ ಬಿಘಾದಲ್ಲಿ ಮೂರು ಕಟ್ಠಾ ನೆಲದಲ್ಲಿ ಒಕ್ಕಲು ನೀಲಿಯನ್ನೇ ಬೆಳೆಯಬೇಕು. ಇದಕ್ಕೆ ತೀನ್‌ಕಠಿಯಾ ಎಂದು ಹೆಸರು. ಯಾವ ಮೂರು ಕಟ್ಠಾ ಎಂದು ಆರಿಸುವವರು ಕೋಠಿಯವರು; ಸಹಜವಾಗಿ ಅವರ ಬೆರಳು ಹೋಗುತ್ತಿದ್ದುದು ಒಳ್ಳೆಯ ನೆಲದ ಕಡೆಗೆ. ಬೆಲೆ ಕಟ್ಟುವವರೂ ಅವರೇ. ಕೊಯ್ದ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ ಕೊಳೆಸಿ, ಆ ನೀರನ್ನು ಬಡಿದು ಕಡೆದು, ತಳಕ್ಕೆ ಇಳಿದ ಗಸಿಯನ್ನು ಕುದಿಸಿ, ಹಿಂಡಿ, ಬಿಲ್ಲೆ ಮಾಡಿ ಕಲ್ಕತ್ತಕ್ಕೆ ಕಳಿಸುವವರೆಗೆ ಲಾಭದ ಒಂದು ಪಾಲೂ ಒಕ್ಕಲಿನ ಕಡೆಗೆ ಹರಿಯುತ್ತಿರಲಿಲ್ಲ. ಇದರ ಮೇಲೆ ಅಬ್ವಾಬ್ ಎಂಬ ಕಾನೂನಿಲ್ಲದ ತೆರಿಗೆಗಳು. ದೊರೆ ಕುದುರೆ ಕೊಂಡರೆ ಒಂದು, ಆನೆ ಕೊಂಡರೆ ಒಂದು, ಮೋಟಾರು ಕೊಂಡರೆ ಇನ್ನೊಂದು. ಅಪ್ಪ ಸತ್ತು ಮಗ ಜಮೀನಿಗೆ ತನ್ನ ಹೆಸರು ಹಚ್ಚಿಸಿಕೊಳ್ಳಬೇಕಾದರೂ ಕೋಠಿಗೆ ಹಣ ಕಟ್ಟಬೇಕು. 1911ರ ಜನಗಣತಿಯಲ್ಲಿ ಸುಮಾರು 19 ಲಕ್ಷ ಜನರಿದ್ದ ಜಿಲ್ಲೆ, ಕೆಲವೇ ಡಜನ್ ಕೋಠಿಗಳ ಮುಷ್ಟಿಯಲ್ಲಿತ್ತು.

ಈ ವ್ಯವಸ್ಥೆಯ ಬುಡ ಅಲ್ಲಾಡಿದ್ದು ಜರ್ಮನಿಯಲ್ಲಿ. 1897ರಲ್ಲಿ ಅಲ್ಲಿನ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಇಳಿಸಿತು. ಗಿಡದ ನೀಲಿಯ ಬೆಲೆ ಕುಸಿಯಿತು; ಚಂಪಾರಣ್ಯದಲ್ಲಿ ಒಂದು ಕಾಲಕ್ಕೆ 90 ಸಾವಿರ ಎಕರೆ ಮೀರಿದ್ದ ನೀಲಿ 1914ರ ಹೊತ್ತಿಗೆ 8 ಸಾವಿರ ಎಕರೆಯ ಆಸುಪಾಸಿಗೆ ಇಳಿಯಿತು. ಒಕ್ಕಲಿಗೆ ಬಿಡುಗಡೆ ಸಿಗಬೇಕಾಗಿದ್ದ ಗಳಿಗೆ ಅದು. ಆದರೆ ದೊರೆಗಳು ತಮ್ಮ ನಷ್ಟವನ್ನು ಒಕ್ಕಲಿನ ತಲೆಗೇ ಕಟ್ಟಿದರು. ನೀಲಿ ಬೆಳೆಯುವ ಕರಾರಿನಿಂದ ನಿನ್ನನ್ನು ಬಿಡುತ್ತೇವೆ, ಅದಕ್ಕೆ ಬದಲಾಗಿ ಏರಿಸಿದ ಗೇಣಿಗೆ ಒಪ್ಪಿ ಸಹಿ ಹಾಕು ಎಂದರು. ಇದಕ್ಕೆ ಶರಹ್‌ಬೇಶಿ ಎಂದು ಹೆಸರು. ಗುತ್ತಿಗೆ ಕಾಯಂ ಅಲ್ಲದ ಕಡೆ ತಾವಾನ್ ಎಂಬ ಇಡಿಗಂಟಿನ ಪರಿಹಾರ ವಸೂಲು ಮಾಡಿದರು. ಕೈಯಲ್ಲಿ ರೊಕ್ಕ ಇಲ್ಲದವನಿಗೆ ಕೋಠಿಯೇ ಸಾಲಪತ್ರ ಬರೆಸಿಕೊಂಡಿತು. ದೊರೆಗಳಿಗೆ ಹೇಗೂ ಲಾಭ ತರದಾಗಿದ್ದ ಬೆಳೆಯಿಂದ ಬಿಡುಗಡೆ ಪಡೆಯಲು ರೈತ ದುಡ್ಡು ಕೊಟ್ಟ! ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನ್ ಬಣ್ಣ ಬರುವುದು ನಿಂತಿತು, ನೀಲಿಗೆ ಮತ್ತೆ ಬೆಲೆ ಬಂತು, ಕೋಠಿಗಳು ಮತ್ತೆ ಬಿತ್ತನೆಗೆ ಒತ್ತಾಯ ತಂದವು.

ಒಕ್ಕಲುಗಳು ಇದನ್ನೆಲ್ಲ ತಲೆತಗ್ಗಿಸಿ ಸಹಿಸಿಕೊಂಡಿದ್ದರು ಎಂದುಕೊಳ್ಳಬಾರದು. 1907-08ರಲ್ಲಿ ಸಾಠಿ ಕೋಠಿಯ ಸುತ್ತಮುತ್ತ ಶೇಖ್ ಗುಲಾಬ್, ಶೀತಲ್ ರಾಯ್ ಮೊದಲಾದವರ ಮುಂದಾಳತ್ವದಲ್ಲಿ ರೈತರು ನೀಲಿ ಬಿತ್ತುವುದಿಲ್ಲವೆಂದು ಎದ್ದು ನಿಂತರು. ಪೊಲೀಸರು ಬಂದರು, ಜೈಲಾಯಿತು. ಗೌರ್ಲೆ ಎಂಬ ಅಧಿಕಾರಿ ವಿಚಾರಣೆ ನಡೆಸಿದರು, ಅವರ ವರದಿ ಜನರ ಕೈಗೆ ಬರಲಿಲ್ಲ. ಬೇತಿಯಾದ ಪತ್ರಕರ್ತ ಪೀರ್ ಮುಹಮ್ಮದ್ ಮೂನಿಸ್ ಕಾನ್ಪುರದ ‘ಪ್ರತಾಪ್’ ಪತ್ರಿಕೆಗೆ ಬರೆಯುತ್ತ ಬಂದರು. ವಕೀಲ ಬ್ರಜಕಿಶೋರ್ ಪ್ರಸಾದ್ ಶಾಸನ ಸಭೆಯಲ್ಲಿ ಪ್ರಶ್ನೆ ಎತ್ತಿದರು. ಶುಕ್ಲಾ ಇಂಥವರ ನಡುವಿನ ಒಬ್ಬರು. ಬೆಲ್ವಾ ಕೋಠಿಯ ಮ್ಯಾನೇಜರ್ ಅಮ್ಮನ್ ಜೊತೆಗಿನ ವ್ಯಾಜ್ಯದಲ್ಲಿ ಅವರು ಜೈಲಿಗೂ ಹೋಗಿ ಬಂದಿದ್ದರು. ಕೋರ್ಟು ಕಚೇರಿಗಳ ಮೆಟ್ಟಿಲು ಸವೆಸಿದ ಮೇಲೆ ಅವರಿಗೆ ಒಂದು ವಿಷಯ ಖಚಿತವಾಗಿತ್ತು: ಜಿಲ್ಲೆಯ ಒಳಗೆ ನ್ಯಾಯ ಹುಟ್ಟುವುದಿಲ್ಲ, ಹೊರಗಿನಿಂದ ಯಾರನ್ನಾದರೂ ಕರೆತರಬೇಕು.

ಲಖನೌದಲ್ಲಿ ಅವರು ಬಾಗಿಲು ತಟ್ಟಿದ ತಿಲಕರಂಥ ದೊಡ್ಡವರು ಕೇಳಿದರು, ಮರುಗಿದರು. ಆದರೆ ಹೋಂರೂಲ್ ಚಳವಳಿ ಕಾವೇರುತ್ತಿದ್ದ ಕಾಲ. ಒಂದು ಜಿಲ್ಲೆಯ ಗೇಣಿ ಜಗಳಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳುವ ಬಿಡುವು ಅವರಲ್ಲಿ ಯಾರಿಗೂ ಇರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಇಡೀ ದೇಶದ ಭಾರ ಹೊತ್ತವರಿಗೆ ಒಂದು ಜಿಲ್ಲೆ ಚಿಕ್ಕದಾಗಿಯೇ ಕಾಣುತ್ತದೆ. ಗಾಂಧಿಯೂ ಆಗ ಒಪ್ಪಲಿಲ್ಲ. ಚಂಪಾರಣ್ಯ ಎಲ್ಲಿದೆ ಎಂಬುದೇ ತಮಗೆ ಗೊತ್ತಿರಲಿಲ್ಲ ಎಂದು ಅವರೇ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೋಡದೆ ನಿರ್ಣಯ ಮಂಡಿಸಲಾರೆ ಎಂದು ಅವರು ಹಿಂದೆ ಸರಿದಾಗ ಬ್ರಜಕಿಶೋರ್ ಬಾಬು ಅದನ್ನು ಮಂಡಿಸಿದರು, ಶುಕ್ಲಾರೂ ವೇದಿಕೆಯಿಂದ ಮಾತಾಡಿದರು, ನಿರ್ಣಯ ಅಂಗೀಕಾರವಾಯಿತು. ಅಲ್ಲಿಗೆ ಇನ್ನೊಬ್ಬರಾದರೆ ಊರಿಗೆ ಮರಳುತ್ತಿದ್ದರು. ಶುಕ್ಲಾ ಗಾಂಧಿಯ ಬೆನ್ನುಹತ್ತಿ ಕಾನ್ಪುರಕ್ಕೆ ಹೋದರು, ಅಹಮದಾಬಾದಿನ ಆಶ್ರಮಕ್ಕೂ ಹೋದರು, ಫೆಬ್ರವರಿಯಲ್ಲಿ ಪತ್ರ ಬರೆದರು. 1917ರ ಏಪ್ರಿಲ್ ಮೊದಲ ವಾರ ಕಲ್ಕತ್ತದಲ್ಲಿ ಇರುತ್ತೇನೆ, ಅಲ್ಲಿಂದ ಕರೆದೊಯ್ಯಿರಿ ಎಂದು ಗಾಂಧಿ ಒಪ್ಪಿದರು. ಅವರು ಕಲ್ಕತ್ತದಲ್ಲಿ ಭೂಪೇಂದ್ರನಾಥ ಬಸು ಅವರ ಮನೆ ತಲುಪುವ ಹೊತ್ತಿಗೆ ಶುಕ್ಲಾ ಆಗಲೇ ಅಲ್ಲಿ ಬಂದು ಕೂತಿದ್ದರು.

ಈ ಹಂತದಲ್ಲಿ ಗಾಂಧಿಯೂ ಒಂದು ಬಗೆಯಲ್ಲಿ ಕೆಲಸ ಹುಡುಕುತ್ತಿದ್ದವರು ಎಂಬುದನ್ನು ಮರೆಯಬಾರದು. ದಕ್ಷಿಣ ಆಫ್ರಿಕದಿಂದ 1915ರ ಜನವರಿಯಲ್ಲಿ ಮರಳಿದ್ದ ಅವರಿಗೆ ಗೋಖಲೆ ಒಂದು ವರ್ಷ ಸುಮ್ಮನೆ ದೇಶ ಸುತ್ತಿ ನೋಡಲು ಹೇಳಿದ್ದರು. ಆ ವರ್ಷ ಮುಗಿದಿತ್ತು. ಹೆಸರು ಇತ್ತು, ಆಶ್ರಮ ಇತ್ತು, ಸತ್ಯಾಗ್ರಹ ಎಂಬ ವಿಧಾನವೂ ಕೈಯಲ್ಲಿತ್ತು. ಈ ನೆಲದಲ್ಲಿ ಅದನ್ನು ಊರುವ ಜಾಗ ಮಾತ್ರ ಸಿಕ್ಕಿರಲಿಲ್ಲ. ತಿಲಕರ ಬಳಿ ಸಿಗದ ಕಿವಿ ಗಾಂಧಿಯ ಬಳಿ ಸಿಕ್ಕಿದ್ದಕ್ಕೆ ಅವರ ಸ್ವಭಾವದಷ್ಟೇ ಈ ಬಿಡುವೂ ಕಾರಣ.

ಏಪ್ರಿಲ್ 10ರ ಬೆಳಿಗ್ಗೆ ಇಬ್ಬರೂ ಪಟ್ನಾದಲ್ಲಿ ಇಳಿದರು. ಶುಕ್ಲಾ ಗಾಂಧಿಯನ್ನು ನೇರ ವಕೀಲ ರಾಜೇಂದ್ರ ಪ್ರಸಾದರ ಮನೆಗೆ ಕರೆದೊಯ್ದರು. ಯಜಮಾನರು ಪುರಿಗೆ ಹೋಗಿದ್ದರು. ಆಳುಗಳಿಗೆ ಶುಕ್ಲಾರ ಗುರುತು ಇತ್ತು, ಆಗಾಗ ಬಂದು ವಕೀಲರಿಗಾಗಿ ಕಾಯುವ ಹಳ್ಳಿಯ ಕಕ್ಷಿದಾರ ಎಂದು. ಅವರ ಜೊತೆ ಬಂದವರೂ ಅಂಥದೇ ಒಬ್ಬರಿರಬೇಕು ಎಂದುಕೊಂಡರು. ಬಂದವರ ಜಾತಿ ತಿಳಿಯದು. ಅವರ ಬಿಂದಿಗೆಯ ಹನಿ ಬಿದ್ದರೆ ಮೈಲಿಗೆಯಾದೀತೆಂದು ಬಾವಿಯಿಂದ ನೀರು ಸೇದಲು ಬಿಡಲಿಲ್ಲ. ಶುಕ್ಲಾ ಒಳಗಿನ ಪಾಯಿಖಾನೆ ತೋರಿಸಿದರೆ, ಆಳು ಹೊರಗಿನದರ ಕಡೆ ಕೈ ಮಾಡಿದ. ಗಾಂಧಿಗೆ ಇದರಿಂದ ಬೇಸರವಾಗಲಿಲ್ಲ, ಆದರೆ ಅವರಿಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ದಾರಿಯುದ್ದಕ್ಕೂ ಬಿಹಾರದ ದೊಡ್ಡ ವಕೀಲರೆಲ್ಲ ತಮಗೆ ಬೇಕಾದವರು ಎಂಬಂತೆ ಮಾತಾಡಿದ್ದ ಶುಕ್ಲಾ, ಆ ವಕೀಲರ ಅಂಗಳದಲ್ಲಿ ಯಾರೂ ಅಲ್ಲ. ಇದನ್ನು ಶುಕ್ಲಾರ ಬಡಾಯಿ ಎಂದು ನಕ್ಕುಬಿಡುವವರಿದ್ದಾರೆ. ನನಗೆ ಇದು ಇಡೀ ಪ್ರಸಂಗದ ನಡುಗಂಬವಾಗಿ ಕಾಣುತ್ತದೆ. ಮುಖಂಡರೊಬ್ಬರು ಆಹ್ವಾನಿಸಿ ಕರೆದೊಯ್ದಿದ್ದರೆ ಗಾಂಧಿಗೆ ಹಾರ, ಸಭೆ, ಅಂಕಿ-ಅಂಶ ಸಿಗುತ್ತಿತ್ತು. ಶುಕ್ಲಾ ಕರೆದೊಯ್ದದ್ದರಿಂದ ಅವರು ಬಿಹಾರವನ್ನು ಒಬ್ಬ ಒಕ್ಕಲಿನ ಪಕ್ಕದಲ್ಲಿ ನಿಂತು, ಹೊಸ್ತಿಲಿನ ಹೊರಗಿನಿಂದ ನೋಡಿದರು. ರೈತನ ಪರ ವಾದಿಸುವ ವಕೀಲನಿಗೂ ರೈತನಿಗೂ ನಡುವೆ ಎಷ್ಟು ಅಂತರವಿದೆ ಎಂಬುದು ಯಾರೂ ಹೇಳದೆ ಅವರಿಗೆ ಗೊತ್ತಾಯಿತು.

ಇದರ ಫಲ ಎರಡು-ಮೂರು ದಿನಗಳಲ್ಲೇ ಕಾಣಿಸಿತು. ಲಂಡನ್ನಿನ ದಿನಗಳಿಂದ ಪರಿಚಯವಿದ್ದ ಮಜರುಲ್ ಹಕ್ ಬಂದು ಗಾಂಧಿಯನ್ನು ಮುಜಫ್ಫರ್‌ಪುರದ ರೈಲು ಹತ್ತಿಸಿದರು. ಅಲ್ಲಿ ಕಾಲೇಜಿನ ಅಧ್ಯಾಪಕರಾಗಿದ್ದ ಜೆ.ಬಿ. ಕೃಪಲಾನಿ ವಿದ್ಯಾರ್ಥಿಗಳೊಂದಿಗೆ ರಾತ್ರಿ ಸ್ಟೇಷನ್ನಿಗೆ ಬಂದು ಎದುರುಗೊಂಡರು. ಊರಿನ ವಕೀಲರು ಸೇರಿದಾಗ ಗಾಂಧಿ ಮೊದಲು ಕೇಳಿದ್ದು ಅವರ ಫೀಸಿನ ಬಗ್ಗೆ. ಸಾವಿರಗಟ್ಟಲೆ ರೂಪಾಯಿಯ ಮಾತು ಕೇಳಿ ಗಾಂಧಿ ದಂಗಾದರು. ಈ ಕೇಸುಗಳನ್ನು ಕೋರ್ಟಿಗೆ ಒಯ್ಯುವುದನ್ನು ನಿಲ್ಲಿಸಬೇಕು, ಇಷ್ಟು ಹೆದರಿದ ಜನಕ್ಕೆ ಕೋರ್ಟಿನಿಂದ ಉಪಯೋಗವಿಲ್ಲ, ಮೊದಲು ಹೋಗಬೇಕಾದದ್ದು ಹೆದರಿಕೆ ಎಂದು ಅವರಿಗೆ ಹೇಳಿದರು. ನಿಮ್ಮ ಕಾನೂನಿನ ಜ್ಞಾನ ನನಗೆ ಹೆಚ್ಚು ಬೇಕಿಲ್ಲ, ಗುಮಾಸ್ತರಾಗಿ, ದುಭಾಷಿಗಳಾಗಿ ಬನ್ನಿ. ಜೈಲಿಗೆ ಹೋಗುವ ಸಂದರ್ಭವೂ ಬಂದೀತು ಎಂದರು. ಅಡುಗೆಯವನನ್ನೂ ಆಳನ್ನೂ ಜೊತೆಗೇ ಕರೆತಂದು ಬೇರೆಬೇರೆ ಒಲೆ ಹಚ್ಚಿ ನಡುರಾತ್ರಿ ಉಣ್ಣುತ್ತಿದ್ದ ಆ ವಕೀಲರು ಕೆಲವೇ ವಾರಗಳಲ್ಲಿ ಒಂದೇ ಅಡುಗೆಮನೆಯ ಸಾದಾ ಊಟಕ್ಕೆ ಕೂತರು. ಬ್ರಜಕಿಶೋರ್, ರಾಜೇಂದ್ರ ಪ್ರಸಾದ್, ಅನುಗ್ರಹ ನಾರಾಯಣ ಸಿಂಹ, ಧರಣೀಧರ ಪ್ರಸಾದ್ ಮೊದಲಾದ ಈ ಗುಂಪೇ ಮುಂದಿನ ಮೂವತ್ತು ವರ್ಷ ಬಿಹಾರದ ರಾಜಕೀಯವಾಯಿತು.

ಏಪ್ರಿಲ್ 15ರಂದು ಜಿಲ್ಲಾ ಕೇಂದ್ರ ಮೋತಿಹಾರಿ. ಮರುದಿನ ಜಸೌಲಿಪಟ್ಟಿ ಎಂಬ ಹಳ್ಳಿಯಲ್ಲಿ ಒಕ್ಕಲೊಬ್ಬರಿಗೆ ಆದ ಅನ್ಯಾಯ ನೋಡಲು ಗಾಂಧಿ ಆನೆಯ ಮೇಲೆ ಹೊರಟರು. ಅರ್ಧ ದಾರಿಯಲ್ಲಿ ಪೊಲೀಸ್ ಅಧಿಕಾರಿ ಎದುರಾದರು, ಕಲೆಕ್ಟರು ಕರೆಯುತ್ತಾರೆ ಎಂದರು. ಹಿಂದಿರುಗುವಾಗ ಕೈಗೆ ನೋಟಿಸು ಬಂತು: ಸಿಗುವ ಮೊದಲ ರೈಲಿಗೆ ಜಿಲ್ಲೆ ಬಿಡಬೇಕು. ಬಿಡುವುದಿಲ್ಲ ಎಂದು ಗಾಂಧಿ ಬರೆದುಕೊಟ್ಟರು. 18ರಂದು ಮೋತಿಹಾರಿಯ ಕೋರ್ಟಿನ ಸುತ್ತ ಸಾವಿರಾರು ರೈತರು ಬಂದು ನಿಂತರು. ಕೋಠಿಯ ಪೇದೆಯನ್ನು ಕಂಡರೆ ದಾರಿ ಬಿಡುತ್ತಿದ್ದ ಜನ ಅವರು. ಯಾವ ಸಂಘಟನೆಯೂ ಅವರನ್ನು ಕರೆದಿರಲಿಲ್ಲ. ಒಳಗೆ ಸರ್ಕಾರಿ ವಕೀಲರು ಮುಂದೂಡಿಕೆ ಕೇಳುತ್ತಿದ್ದರೆ ಆರೋಪಿಯೇ ಅದು ಬೇಡ, ನಾನು ತಪ್ಪಿತಸ್ಥ, ಆದರೆ ಆಜ್ಞೆ ಮೀರಿದ್ದು ಅಧಿಕಾರದ ಮೇಲಿನ ಅಗೌರವದಿಂದಲ್ಲ, ಅಂತರಾತ್ಮದ ಮಾತಿಗಾಗಿ ಎಂದು ಹೇಳಿಕೆ ಓದಿದರು. ಮ್ಯಾಜಿಸ್ಟ್ರೇಟರಿಗೆ ಏನು ಮಾಡಬೇಕೆಂದು ತೋಚಲಿಲ್ಲ, ತೀರ್ಪನ್ನು ಮುಂದಕ್ಕೆ ಹಾಕಿದರು. ಲೆಫ್ಟಿನೆಂಟ್ ಗವರ್ನರ್ ಎಡ್ವರ್ಡ್ ಗೇಟ್ ಮೊಕದ್ದಮೆ ವಾಪಸು ಪಡೆಯಲು ಆದೇಶಿಸಿದರು. ಈ ಪ್ರಕರಣದ ದೊಡ್ಡ ತಿರುವು ಇದೇ ಎಂದು ಎಲ್ಲರೂ ಬರೆಯುತ್ತಾರೆ, ಸರಿಯೇ. ಆದರೆ ಅದಕ್ಕಿಂತ ಆಳಕ್ಕೆ ಇಳಿದದ್ದು ಅನಂತರದ ವಾರಗಳ ಸದ್ದಿಲ್ಲದ ಕೆಲಸ ಎಂಬುದು ನನ್ನ ತೀರ್ಮಾನ. ಮೋತಿಹಾರಿ, ಬೇತಿಯಾಗಳಲ್ಲಿ ವಕೀಲರು ಬೆಳಗಿನಿಂದ ಸಂಜೆಯವರೆಗೆ ಕೂತು ಒಬ್ಬೊಬ್ಬ ರೈತನ ಹೇಳಿಕೆ ಬರೆದುಕೊಂಡರು. ಊರು ಯಾವುದು, ಕೋಠಿ ಯಾವುದು, ಎಷ್ಟು ಬಿಘಾ, ಎಷ್ಟು ತಾವಾನ್, ರಸೀದಿ ಇದೆಯೇ? ಅಡ್ಡಪ್ರಶ್ನೆಗೆ ನಿಲ್ಲದ ಮಾತನ್ನು ಬಿಟ್ಟುಬಿಟ್ಟರು. ಗುಪ್ತ ಪೊಲೀಸ್ ಅಧಿಕಾರಿ ಪಕ್ಕದಲ್ಲೇ ಕೂತಿರುತ್ತಿದ್ದರು; ಗಾಂಧಿ ಅವರನ್ನು ಎಬ್ಬಿಸಲಿಲ್ಲ, ಯಾಕೆಂದರೆ ಅಧಿಕಾರಿಯ ಎದುರಿಗೇ ದೊರೆಯ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದ ಮನುಷ್ಯ ಮನೆಗೆ ಹೋಗುವಾಗ ಬಂದಾಗಿನ ಮನುಷ್ಯನಾಗಿ ಉಳಿಯುತ್ತಿರಲಿಲ್ಲ. ಹೀಗೆ ಸಾವಿರಾರು ಹೇಳಿಕೆಗಳು ಸೇರಿದವು.

ಇಷ್ಟು ಸಾಕ್ಷ್ಯದ ಮುಂದೆ ಸರ್ಕಾರ ಜೂನ್‌ನಲ್ಲಿ ಎಫ್.ಜಿ. ಸ್ಲೈ ಅಧ್ಯಕ್ಷತೆಯ ವಿಚಾರಣಾ ಸಮಿತಿ ನೇಮಿಸಿ ಗಾಂಧಿಯನ್ನೂ ಅದರ ಸದಸ್ಯರನ್ನಾಗಿ ಮಾಡಿಕೊಂಡಿತು. ಅಕ್ಟೋಬರಿನಲ್ಲಿ ವರದಿ ಬಂತು, 1918ರ ಮಾರ್ಚಿನಲ್ಲಿ ಚಂಪಾರಣ್ಯ ಕೃಷಿ ಕಾಯ್ದೆ ಜಾರಿಯಾಯಿತು. ತೀನ್‌ಕಠಿಯಾ ರದ್ದಾಯಿತು, ಏರಿಸಿದ ಗೇಣಿ ಶೇ. 20ರಿಂದ 26ರಷ್ಟು ಇಳಿಯಿತು. ತಾವಾನ್‌ನಲ್ಲಿ ಕಾಲು ಭಾಗ ಹಿಂದಿರುಗಿಸಲು ಒಪ್ಪಂದವಾಯಿತು. ಕಾಲು ಭಾಗಕ್ಕೆ ಯಾಕೆ ಒಪ್ಪಿದಿರಿ ಎಂಬ ಆಕ್ಷೇಪ ಆಗಲೂ ಇತ್ತು. ದೊರೆ ತೆಗೆದುಕೊಂಡದ್ದನ್ನು ಹಿಂದೆ ಕೊಟ್ಟ ಎಂಬುದೇ ಆ ಜಿಲ್ಲೆಯಲ್ಲಿ ಹಿಂದೆಂದೂ ಕಾಣದ ಸಂಗತಿಯಾಗಿತ್ತು, ಮೊತ್ತ ಎರಡನೆಯ ಮಾತು.

ಈಗ ತಕರಾರುಗಳಿಗೆ ಬರೋಣ. ಮೊದಲನೆಯದು, ಗಿಡದ ನೀಲಿ ಹೇಗೂ ಸಾಯುತ್ತಿತ್ತು, ಶುಕ್ಲಾ ಇರಲಿ ಬಿಡಲಿ ಜರ್ಮನ್ ಬಣ್ಣ ಅದನ್ನು ಮುಗಿಸುತ್ತಿತ್ತು ಎಂಬುದು. ಬೆಳೆಯ ಮಟ್ಟಿಗೆ ಇದು ನಿಜ. ಆದರೆ ಶರಹ್‌ಬೇಶಿ ಬೆಳೆಯೊಂದಿಗೆ ಸಾಯುವಂಥದ್ದಲ್ಲ. ನೀಲಿ ಹೋದ ಮೇಲೂ ಉಳಿಯಲೆಂದೇ ಹುಟ್ಟಿದ ಭಾರ ಅದು. ಮಾರುಕಟ್ಟೆ ಬಿಕ್ಕಟ್ಟನ್ನು ತಂದಿತು, ಅದರ ಹೊರೆ ಯಾರ ಹೆಗಲಿಗೆ ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕಿತ್ತು. ಎರಡನೆಯದು, ಗಾಂಧಿ ಚಂಪಾರಣ್ಯಕ್ಕೆ ಹೋಗದಿದ್ದರೂ 1918ರಲ್ಲಿ ಅಹಮದಾಬಾದಿನ ಗಿರಣಿ, ಖೇಡಾದ ರೈತರು ಹೇಗೂ ಅವರನ್ನು ಕರೆಯುತ್ತಿದ್ದರು. ಅದೂ ನಿಜ, ಗಾಂಧಿಯನ್ನು ಶುಕ್ಲಾ ಸೃಷ್ಟಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಅವೆರಡೂ ಗುಜರಾತಿನವು, ಗಾಂಧಿಯ ಸ್ವಂತ ನೆಲ. ಭಾಷೆ ಬಾರದ, ದಾಖಲೆಗಳ ಕೈಥಿ ಲಿಪಿ ಓದಲಾಗದ, ಒಬ್ಬ ಪರಿಚಿತನೂ ಇಲ್ಲದ ಜಿಲ್ಲೆಯಲ್ಲಿ ಮೊದಲ ಹೆಜ್ಜೆ ಇಟ್ಟಿದ್ದರಿಂದ ಅವರು ಪ್ರಾಂತ್ಯದ ಮುಖಂಡರಾಗದೆ ದೇಶದ ಮುಖಂಡರಾದರು. ಮೊದಲು ವಿಚಾರಣೆ, ಆಮೇಲೆ ಹೋರಾಟ ಎಂಬ ಕ್ರಮವೂ ಇಲ್ಲಿಯೇ ಕುದುರಿತು.

ಮೂರನೆಯ ತಕರಾರು ಇವೆರಡಕ್ಕಿಂತ ಗಟ್ಟಿ, ಅದನ್ನು ಎತ್ತಿದವರು ವಿದ್ವಾಂಸರು. ಜೂಡಿತ್ ಬ್ರೌನ್ ಅವರ ದೃಷ್ಟಿಯಲ್ಲಿ ಗಾಂಧಿಗೆ ಬಲ ಬಂದದ್ದು ಊರೂರಿನ ಮಧ್ಯಮ ದರ್ಜೆಯ ಪ್ರಭಾವಿಗಳ ಮೂಲಕ. ಚಂಪಾರಣ್ಯವನ್ನು ಬಹಳ ಆಳವಾಗಿ ಅಧ್ಯಯನ ಮಾಡಿದ ಫ್ರೆಂಚ್ ಇತಿಹಾಸಕಾರ ಜಾಕ್ ಪುಷ್‌ಪದಾಸ್ ಅಲ್ಲಿನ ಮುಂದಾಳುಗಳು ಕಡುಬಡವರಲ್ಲ, ಅನುಕೂಲಸ್ಥ ರೈತರು, ಕೋಠಿಗಳೊಂದಿಗೆ ಪೈಪೋಟಿಗೆ ನಿಂತವರು ಎಂದು ತೋರಿಸಿದ್ದಾರೆ. ಶುಕ್ಲಾ ಕೂಡ ಬ್ರಾಹ್ಮಣರು, ಜಮೀನಿದ್ದವರು, ಲೇವಾದೇವಿಯೂ ಇತ್ತು. ಹಾಗಿದ್ದ ಮೇಲೆ ಅವರನ್ನು ಸಾಮಾನ್ಯ ಮನುಷ್ಯ ಎನ್ನುವುದು ಎಷ್ಟು ಸರಿ? ಈ ಮಾತನ್ನು ನಾನು ಒಪ್ಪಿಕೊಳ್ಳುತ್ತೇನೆ, ಒಪ್ಪಿಕೊಂಡರೆ ಕಥೆ ಇನ್ನೂ ಸ್ಪಷ್ಟವಾಗುತ್ತದೆ. ಲಖನೌ, ಕಾನ್ಪುರ, ಅಹಮದಾಬಾದ್, ಕಲ್ಕತ್ತ ಎಂದು ತಿಂಗಳುಗಟ್ಟಲೆ ಸುತ್ತಲು ರೈಲಿನ ಚಾರ್ಜು ಬೇಕು, ಮನೆಯಲ್ಲಿ ಬೇಸಾಯ ನೋಡಿಕೊಳ್ಳುವ ಕೈ ಬೇಕು. ಮೂರು ಬಿಘಾದ ಒಕ್ಕಲಿಗೆ ಅದು ಆಗದ ಮಾತು. ಊರಿನ ಒಳಗೆ ಶುಕ್ಲಾ ಒಂದು ತೂಕದ ಮನುಷ್ಯರೇ. ಪಟ್ನಾದ ವಕೀಲರ ಮನೆಯ ಅಂಗಳದಲ್ಲಿ ಬಾವಿಯ ಹಗ್ಗ ಮುಟ್ಟಲೂ ಆಳಿನ ಅಪ್ಪಣೆ ಬೇಕಾದವರು. ಎರಡೂ ಲೋಕಕ್ಕೆ ಒಂದೊಂದು ಕಾಲಿಟ್ಟಿದ್ದವರು ಅವರಾದ್ದರಿಂದಲೇ ಈ ಕೆಲಸ ಅವರಿಂದಾಯಿತು. ಅವರಿಗಿಂತ ಮುಂಚೆ ಕೋಠಿಗೆ ಎದುರು ನಿಂತ ಶೇಖ್ ಗುಲಾಬ್‌ರ ಹೆಸರು ಬಿಹಾರದ ಆಚೆ ಎಷ್ಟು ಜನಕ್ಕೆ ಗೊತ್ತು? ಧೈರ್ಯದಲ್ಲಿ ಅವರು ಒಂದು ಕೂದಲೂ ಕಡಿಮೆ ಇರಲಿಲ್ಲ. ಜೊತೆಗೆ, ಶುಕ್ಲಾರ ನೆನಪು ಉಳಿದದ್ದು ಗಾಂಧಿ ಆತ್ಮಕಥೆಯಲ್ಲಿ ಅವರಿಗೆ ಕೆಲವು ಪುಟ ಕೊಟ್ಟದ್ದರಿಂದ ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಚಂಪಾರಣ್ಯದ ಎರಡನೆಯ ಅಧ್ಯಾಯಕ್ಕೆ ನಮ್ಮ ಬೆಳಗಾವಿಯೂ ಸೇರಿದೆ. ಗೇಣಿ ಇಳಿಸಿದರೆ ಸಾಲದು, ಅಕ್ಷರವೂ ಚೊಕ್ಕಟವೂ ಬೇಕು ಎಂದು ಗಾಂಧಿ 1917ರ ನವೆಂಬರಿನಿಂದ ಹಳ್ಳಿಗಳಲ್ಲಿ ಶಾಲೆ ತೆರೆಯಲು ಹೊರಟಾಗ ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿಯಿಂದ ಬಾಬಾಸಾಹೇಬ್ ಸೋಮಣರನ್ನೂ ಪುಂಡಲೀಕ ಕಾತಗಡೆಯವರನ್ನೂ ಕಳಿಸಿಕೊಟ್ಟರು. ಭಿತಿಹರವಾ ಎಂಬ ಹಳ್ಳಿಯಲ್ಲಿ ಸೋಮಣರೂ ಕಸ್ತೂರಬಾ ಅವರೂ ಶಾಲೆ ನಡೆಸುತ್ತಿದ್ದಾಗ ಬಿದಿರು-ಹುಲ್ಲಿನ ಗುಡಿಸಲಿಗೆ ಒಂದು ರಾತ್ರಿ ಬೆಂಕಿ ಬಿತ್ತು. ಪಕ್ಕದ ಕೋಠಿಯವರ ಮೇಲೆ ಜನರಿಗೆ ಸಂಶಯವಿತ್ತು. ಇನ್ನು ಹುಲ್ಲು ಬೇಡವೆಂದು ಸೋಮಣ ತಾವೇ ಕೈಹಾಕಿದರು, ಊರವರೂ ಕೂಡಿಕೊಂಡು ಇಟ್ಟಿಗೆಯ ಕಟ್ಟಡ ಎಬ್ಬಿಸಿದರು. ಬಿಹಾರದ ಹಳ್ಳಿಯಲ್ಲಿ ಬೆಳಗಾವಿಯ ವ್ಯಕ್ತಿಯೊಬ್ಬರು ಇಟ್ಟಿಗೆ ಹೊತ್ತದ್ದು ಯಾವ ಪಠ್ಯಪುಸ್ತಕದ ಮುಖ್ಯ ಸಾಲಿನಲ್ಲೂ ಬರುವುದಿಲ್ಲ. ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ಇದೇ ದೇಶಪಾಂಡೆಯವರ ದುಡಿಮೆಯಿಂದ ನಡೆದದ್ದನ್ನು ನೆನೆಯುವಾಗ ಅದಕ್ಕೂ ಏಳು ವರ್ಷ ಹಿಂದಿನ ಈ ನಂಟನ್ನೂ ನೆನೆಯುವುದು ನ್ಯಾಯ.

ಶುಕ್ಲಾ 1929ರ ಮೇ 20ರಂದು ತೀರಿಕೊಂಡರು. ಹೋರಾಟದ ವರ್ಷದಲ್ಲಿ ಅವರು ಕೈಥಿ ಲಿಪಿಯಲ್ಲಿ ಬರೆದಿಟ್ಟ ದಿನಚರಿ ಬಹುಕಾಲದ ಬಳಿಕ ಅಚ್ಚಾಯಿತು. 2000ದಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಚೀಟಿಯೊಂದನ್ನು ಹೊರತಂದಿತು. ಅವರು ಕರೆದೊಯ್ದಾಗ ಮನೆಯಲ್ಲಿರದಿದ್ದ ವಕೀಲರು ಸ್ವತಂತ್ರ ಭಾರತದ ಮೊದಲ ರಾಷ್ಟ್ರಪತಿಯಾದರು, ಮುಜಫ್ಫರ್‌ಪುರದ ಅಧ್ಯಾಪಕರು 1947ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದರು. ಒಕ್ಕಲುಗಳ ಹೆಬ್ಬೆಟ್ಟಿನ ಹೇಳಿಕೆಗಳೂ ಉಳಿದುಕೊಂಡಿವೆ, ಇತ್ತೀಚಿನ ವರ್ಷಗಳಲ್ಲಿ ಸಂಪುಟಗಳಾಗಿ ಪ್ರಕಟವಾಗುತ್ತಿವೆ. ಅವುಗಳಲ್ಲಿ ತಂದೆಯ ಹೆಸರು, ಊರು, ಕೋಠಿ, ಕಟ್ಟಿದ ಹಣದ ಲೆಕ್ಕ ಸಮೇತ ಸಾವಿರಾರು ಮಂದಿ ತಮ್ಮ ಮಾತನ್ನು ತಾವೇ ಹೇಳಿದ್ದಾರೆ. ಶುಕ್ಲಾ ಒಬ್ಬರ ಬಗ್ಗೆ ನಾವು ಇಷ್ಟು ಬರೆದಿದ್ದೇವೆ. ಅವರ ಹಿಂದೆ ಸಾಲಾಗಿ ನಿಂತವರನ್ನು ಊರೂರಿನ ಲೆಕ್ಕದಲ್ಲಿ ಓದಿ ಚಂಪಾರಣ್ಯದ ಚರಿತ್ರೆಯನ್ನು ಬರೆಯುವ ಕೆಲಸ ಈಗಷ್ಟೇ ಶುರುವಾಗಿದೆ.